ಒಂದೇ ಪಾತ್ರೆಯ ಊಟ

ಊಟದ ಮನೆಯ ಮಹಡಿಯಿಂದ,
ಹತ್ತನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಮ್ಮಾ,

ಮೊಣಕಾಲು ಹೇಗಿದೆ? ಬಿಸಿನೀರಿನ ಕಾವು ಕೊಟ್ಟುಕೊಳ್ಳುತ್ತಿದ್ದೀರಾ, ಇಲ್ಲ ನಾದಿನಿಯ ಮಕ್ಕಳ ಹಿಂದೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀರಾ? ಕೋಪ ಹೇಗಿದೆ ಎಂದೂ ಕೇಳಬೇಕು, ಅದಕ್ಕೆ ಇನ್ನೂ ಸ್ವಲ್ಪ ಧೈರ್ಯ ಬೇಕು, ಆಮೇಲೆ ಕೇಳುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗನ ನೆಗಡಿ ಹೋಯಿತು, ಸೀನು ಮಾತ್ರ ಇನ್ನೂ ಇಡೀ ಬೀದಿಗೆ ಕೇಳುತ್ತದೆ. ನಮ್ಮ ಅಡುಗೆಯ ಗೊಣಗಪ್ಪನವರು ಎಂದಿನ ಹಾಗೆಯೇ ಇದ್ದಾರೆ. ನೀವಿಲ್ಲದ ಮೇಲೆ ಅವರ ಗೊಣಗು ಕೇಳುವ ಕಿವಿ ನನ್ನದೊಂದೇ ಆಗಿದೆ. ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಸಿದ ಹಾಗಿದೆ ಅಮ್ಮ ಇಲ್ಲದ ಅಡುಗೆಮನೆ, ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಬೈಗುಳವೋ ಹೊಗಳಿಕೆಯೋ, ಯಾರಿಗೆ ಎಂಬುದನ್ನು ನೀವೇ ತೀರ್ಮಾನಿಸಿ.

ಭಾನುವಾರ ಇಲ್ಲಿ ಒಂದು ಊಟ ನಡೆಯಿತು. ಅದನ್ನು ನಿಮ್ಮ ಮಗ ಫೋನಿನಲ್ಲಿ ಹೇಳಿದರೆ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೂಲೆಯ ಮೇಜಿನಲ್ಲಿ ಗಂಡನ ಜೊತೆ ಬಂದು ಕೂರುತ್ತಿದ್ದ ನರ್ಸಮ್ಮ ನೆನಪಿದ್ದಾರಲ್ಲ? ಗಂಡ ಬಸ್ ಓಡಿಸುತ್ತಿದ್ದವರು, ಹೋದ ವರ್ಷ ತೀರಿಕೊಂಡರಲ್ಲ, ಅವರೇ. ಗಂಡನ ನೆನಪಿಗೆ ಮನೆಯವರನ್ನೆಲ್ಲ ಕೂರಿಸಿ ಊಟ ಹಾಕಬೇಕು ಎಂದು ಬಂದರು. ನೀವು ಕಲಿಸಿದ ಹಾಗೆ, ಏನು ಬೇಕು ಎನ್ನುವ ಮೊದಲು ಏನು ಬೇಡ ಎಂದು ಕೇಳಿದೆ. ಕೇಳುತ್ತಾ ಹೋದ ಹಾಗೆ ನನಗೆ ತಲೆ ತಿರುಗಿತು. ದೊಡ್ಡ ಮಗಳನ್ನು ಕೊಟ್ಟಿರುವುದು ಜೈನರ ಮನೆಗೆ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯಷ್ಟೇ ಅಲ್ಲ, ನೆಲದೊಳಗೆ ಬೆಳೆದದ್ದು ಯಾವುದೂ ಆಗದು, ಬಟ್ಟೆಯಲ್ಲಿ ಸೋಸದ ನೀರೂ ಆಗದು, ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ. ಮಗ ಮದುವೆಯಾದದ್ದು ಮುಸ್ಲಿಂ ಹುಡುಗಿಯನ್ನು, ಮಾಂಸದ ಪಾತ್ರೆಯಿಂದ ಹಿಡಿದು ಪರಿಮಳದ ಎಸೆನ್ಸಿನವರೆಗೆ ಎಲ್ಲವನ್ನೂ ವಿಚಾರಿಸಿಯೇ ತಿನ್ನುತ್ತಾರೆ. ಕಿರಿಯ ಮಗಳು ಹಾಲು, ತುಪ್ಪ, ಜೇನು ಎಲ್ಲ ಬಿಟ್ಟಿದ್ದಾಳೆ. ಅವಳ ಪುಟ್ಟ ಮಗನಿಗೆ ಗೋಧಿ ಒಂದು ಕಣ ಹೊಟ್ಟೆಗೆ ಹೋದರೂ ವಾರಗಟ್ಟಲೆ ನರಳಾಟ.

ನಾನು ಲೆಕ್ಕ ಹಾಕಿ, ಒಬ್ಬೊಬ್ಬರಿಗೂ ಬೇರೆ ಬೇರೆ ತಟ್ಟೆ ಮಾಡಿಕೊಡೋಣ ಎಂದೆ. ನರ್ಸಮ್ಮ ಬೇಡವೆಂದು ಕೈ ಆಡಿಸಿದರು. “ಮನೇಲಿ ಸೇರಿದಾಗೆಲ್ಲ ಇವ್ರು ತಮ್ಮ ತಮ್ಮ ಡಬ್ಬಿ ತರ್ತಾರೆ. ಒಬ್ರು ಅಡುಗೆಮನೇಲಿ, ಒಬ್ರು ಬಾಲ್ಕನೀಲಿ, ಒಬ್ರು ಟಿವಿ ಮುಂದೆ. ಎಲ್ಲರೂ ಒಂದೇ ಪಾತ್ರೆಯಿಂದ ತಿನ್ನೋದನ್ನ ಅವರಪ್ಪ ನೋಡ್ಲೇ ಇಲ್ಲ. ನಾನಾದ್ರೂ ನೋಡ್ಬೇಕು. ಯಾರಿಗೂ ಬೇರೆ ತಟ್ಟೆ ಬೇಡ” ಎಂದರು. ಆ ದನಿಯಲ್ಲಿ ಬೇಡಿಕೆ ಇರಲಿಲ್ಲ ಅತ್ತೆಮ್ಮಾ, ಹಟ ಇತ್ತು. ಹಟವನ್ನು ಕಂಡರೆ ನನಗೆ ಗುರುತು ಸಿಗುತ್ತದೆ, ನಿಮ್ಮ ಸೊಸೆಯಾಗಿ ಇಷ್ಟು ವರ್ಷ ಬಾಳಿದ್ದೇನಲ್ಲ. ಆಗಲಿ ಎಂದುಬಿಟ್ಟೆ. ಏನೇನು ಹಾಕಬಾರದು ಎಂದು ಕೇಳಿ ಗೊಣಗಪ್ಪನವರು, “ಇದು ಊಟಾನೋ ಉಪವಾಸಾನೋ?” ಎಂದು ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡರು. ಆದರೂ ನಾವು ಕೂತು ಯೋಚಿಸಿ ಗೊತ್ತುಮಾಡಿದೆವು: ಅನ್ನ, ಬೇಳೆ ಸಾರು, ಕುಂಬಳಕಾಯಿ ಪಲ್ಯ, ಸೋರೆಕಾಯಿಯ ಕೂಟು, ಅಕ್ಕಿಹಿಟ್ಟಿನ ರೊಟ್ಟಿ, ತೆಂಗಿನ ಹಾಲು ಬೆಲ್ಲದ ಪಾಯಸ.

ಈಗ ಟೈಲರಕ್ಕನ ಮಾತು ಬರಲೇಬೇಕು. ಪತ್ರವನ್ನು ಮಡಿಚಿ ಪಕ್ಕಕ್ಕಿಡಬೇಡಿ, ಓದಿ. ಕೆಳಗಿನ ಅಂಗಡಿಯಲ್ಲಿ ಹೊಲಿಯುತ್ತಾ ಇಷ್ಟು ವರ್ಷ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬಂದವಳು. ನೀವೇ ಅವಳಿಗೆ ಎರಡನೆಯ ಸಲ ಸಾರು ಬಡಿಸುತ್ತಿದ್ದಿರಿ. ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲಾಗದಾಗ ನಾನು ಅವಳನ್ನು ಅಡುಗೆಗೆ ಕರೆದೆ. ನಿಮಗೆ ಸರಿಬರಲಿಲ್ಲ. “ಊಟಕ್ಕೆ ಯಾವ ಜಾತಿ, ಯಾವ ಧರ್ಮದವ್ರು ಬೇಕಾದ್ರೂ ಬರ್ಲಿ, ನಾನೇ ನಿಂತು ಬಡಿಸ್ತೀನಿ. ಒಲೆ ಹತ್ರ ಮಾತ್ರ ಬೇಡ” ಎಂದು ಹೇಳಿ ಮೊಣಕಾಲಿನ ನೆಪದಲ್ಲಿ ನಾದಿನಿಯ ಮನೆಗೆ ಹೊರಟಿರಿ. ಅವಳು ಅದನ್ನು ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದಳು. ಅಂದಿನಿಂದ ಒಲೆಯ ಕಡೆ ಸುಳಿದಿರಲಿಲ್ಲ. ಹಿತ್ತಿಲ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ತರಕಾರಿ ಹೆಚ್ಚಿ, ಕೈ ತೊಳೆದು ಹೋಗುತ್ತಿದ್ದಳು. ನಾನು ಕರೆದರೂ, “ದೊಡ್ಡಮ್ಮ ಬರ್ಲಿ, ಆಮೇಲೆ ನೋಡೋಣ” ಎನ್ನುತ್ತಿದ್ದಳು.

ಭಾನುವಾರ ನರ್ಸಮ್ಮನ ಮಗನ ಕೆಲಸದ ಪಾಳಿ ಮುಗಿಯುವುದು ಮಧ್ಯಾಹ್ನದ ಮೇಲೆ, ಜೈನ ಬೀಗರು ಹೊತ್ತು ಮುಳುಗುವ ಮೊದಲು ಕೈ ತೊಳೆಯಬೇಕು. ಹೀಗಾಗಿ ಸಂಜೆಯ ಬಿಸಿಲಿರುವಾಗಲೇ ಊಟಕ್ಕೆ ಕೂರಿಸುವುದೆಂದು ಗೊತ್ತಾಗಿತ್ತು. ಎಲ್ಲ ಸಿದ್ಧವಾಗಿ, ಸಾರಿಗೆ ಒಗ್ಗರಣೆ ಬಿದ್ದು, ಘಮ ಬೀದಿಗೆ ಹೋಗಿತ್ತು. ಕಿರಿಯ ಮಗಳು ಮಗುವಿನ ಜೊತೆ ಎಲ್ಲರಿಗಿಂತ ಮೊದಲೇ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ಸಂಕೋಚದಿಂದ, “ಇಂಗು ಯಾವುದು ಹಾಕಿದ್ದೀರಿ? ಕೆಲವದರಲ್ಲಿ ಗೋಧಿಹಿಟ್ಟು ಬೆರೆಸಿರ್ತಾರೆ” ಎಂದು ಕೇಳಿದಳು. ನಾವು ಯಾವಾಗಲೂ ತರುವ ಇಂಗು ಮುಗಿದು ಗೊಣಗಪ್ಪನವರು ಹೊಸ ಡಬ್ಬಿ ತಂದಿದ್ದರು. ತಿರುಗಿಸಿ ನೋಡಿದೆ. ಗೋಧಿ.

ಗೊಣಗಪ್ಪನವರು ದನಿ ಇಳಿಸಿ, “ಒಂದು ಚಿಟಿಕೆ. ಯಾರಿಗ್ ಗೊತ್ತಾಗುತ್ತೆ?” ಎಂದರು. “ಮಗುವಿನ ಹೊಟ್ಟೆಗೆ ಗೊತ್ತಾಗುತ್ತೆ” ಎಂದೆ. ಮಗುವಿಗೆ ಮಾತ್ರ ಬೇರೆ ಮಾಡಿದರಾಯಿತಲ್ಲ ಎಂದು ನಿಮ್ಮ ಮಗ. ಬಸ್ ಓಡಿಸುತ್ತಿದ್ದ ಆ ಅಜ್ಜನ ಹೆಸರಿನ ಊಟದಲ್ಲಿ, ಅವರ ಮೊಮ್ಮಗನನ್ನೇ ಒಂದು ಕಡೆ ಕೂರಿಸಿ ಬೇರೆ ಬಟ್ಟಲು ಕೊಡಲೇ? ಆಗುವುದಿಲ್ಲ ಎಂದೆ. ಒಗ್ಗರಣೆ ಹಾಕಿದ ಸೌಟನ್ನೇ ಗೊಣಗಪ್ಪನವರು ಕೂಟಿಗೂ ಅದ್ದಿದ್ದರು. ಎರಡು ಪಾತ್ರೆಯನ್ನೂ ಇಳಿಸಿ ಹಿತ್ತಿಲಿಗೆ ಒಯ್ದು ಚೆಲ್ಲಿದೆವು. ಹೊಟ್ಟೆ ಉರಿಯಿತು ಅತ್ತೆಮ್ಮಾ, ಸುಳ್ಳು ಹೇಳುವುದಿಲ್ಲ. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತಿತ್ತು. “ಇನ್ನು ನನ್ನ ಕೈಲಾಗಲ್ಲ” ಎಂದು ಗೊಣಗಪ್ಪನವರು ಕುಸಿದು ಸ್ಟೂಲಿನ ಮೇಲೆ ಕೂತೇಬಿಟ್ಟರು. ಪಾಪ, ಬೆಳಗಿನಿಂದ ನಿಂತೇ ಇದ್ದವರು.

ಆಗ ಟೈಲರಕ್ಕ ಮಣೆಯಿಂದ ಎದ್ದಳು. ಕೈ ತೊಳೆದು ಸೆರಗು ಸಿಕ್ಕಿಸಿ, “ನಾನು ಒಲೆಗೆ ನಿಲ್ಲಲಾ?” ಎಂದು ಕೇಳಿದಳು. ಗೊಣಗಪ್ಪನವರು ನನ್ನ ಮುಖ ನೋಡಿದರು. ನಿಮ್ಮ ಮಗ ಗೋಡೆ ನೋಡಿದರು. “ನಿಲ್ಲು” ಎಂದವಳು ನಾನು. ಯಾರನ್ನಾದರೂ ಬೈಯಬೇಕಾದರೆ ನನ್ನನ್ನೇ ಬೈಯಿರಿ. ಪಾತ್ರೆಗಳನ್ನು ಮತ್ತೆ ತಿಕ್ಕಿದೆವು, ಕುಕ್ಕರಿಗೆ ಬೇಳೆ ಬಿತ್ತು, ನಿಮ್ಮ ಮಗ ಸೋರೆಕಾಯಿ ಹೆಚ್ಚಿದರು (ಒಂದೊಂದು ಹೋಳು ಒಂದೊಂದು ಗಾತ್ರ, ಬಿಡಿ). ಇಂಗಿಲ್ಲದೆ, ಈರುಳ್ಳಿ ಇಲ್ಲದೆ ಸಾರಿಗೆ ಪರಿಮಳ ಎಲ್ಲಿಂದ ಬರಬೇಕು ಎಂದು ನಾನು ಒದ್ದಾಡುತ್ತಿದ್ದರೆ, ಅವಳು ಮೆಣಸು ಜೀರಿಗೆ ಹುರಿದು ಕುಟ್ಟಿ, ಕರಿಬೇವನ್ನು ಎಣ್ಣೆಯಲ್ಲಿ ಗರಿಗರಿ ಮಾಡಿ ಕೈಯಲ್ಲೇ ಪುಡಿ ಮಾಡಿ ಉದುರಿಸಿದಳು. ರುಚಿ ನೋಡು ಎಂದು ಸೌಟು ಹಿಡಿದೆ. ತಲೆ ಅಲ್ಲಾಡಿಸಿದಳು. ರಂಜಾನಿನಲ್ಲಿ ತಪ್ಪಿದ ಒಂದು ದಿನದ ಬದಲಿಗೆ ಅಂದು ಅವಳು ಉಪವಾಸವಿದ್ದಳು, ಹೊತ್ತು ಮುಳುಗುವ ತನಕ ಹನಿ ನೀರೂ ಇಲ್ಲ. ನನಗೆ ಗೊತ್ತೇ ಇರಲಿಲ್ಲ. ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಆವಿ ಎಳೆದುಕೊಂಡು, “ಉಪ್ಪು ಸ್ವಲ್ಪ ಹಿಂದೆ ಇದೆ” ಎಂದಳು. ದೇವರಿಗೆ ಇಡುವ ಮೊದಲು ನಾಲಿಗೆಗೆ ಮುಟ್ಟಿಸಬಾರದು ಎಂದು ನೀವು ಹೀಗೇ ಬಗ್ಗಿ, ಹೀಗೇ ಕಣ್ಣು ಮುಚ್ಚಿ, ಇದೇ ಮಾತು ಹೇಳುತ್ತೀರಿ. ನಾನು ಉಪ್ಪಿನ ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ.

ಎಲ್ಲರೂ ಬಂದು ಕೂತರು. ಜೈನ ಬೀಗಿತಿ ನಿಮ್ಮ ವಯಸ್ಸಿನವರು, ನೆಟ್ಟಗೆ ಕೂರುವವರು. ತಟ್ಟೆ ಮುಟ್ಟುವ ಮೊದಲು, “ಅಡುಗೆ ಮಾಡಿದವ್ರು ಯಾರು?” ಎಂದು ಕೇಳಿದರು. ಗೊಣಗಪ್ಪನವರು ನಾನೇ ಎಂದುಬಿಡಲು ಬಾಯಿ ತೆರೆದರು, ನನಗೆ ಗೊತ್ತು. ಅದಕ್ಕೆ ಮೊದಲೇ ನಾನು ಟೈಲರಕ್ಕನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು, “ಇವರು. ಮುಸ್ಲಿಮರು. ಇವತ್ತು ಉಪವಾಸ ಇದ್ದುಕೊಂಡು ನಿಮಗೆ ಬೇಯಿಸಿದ್ದಾರೆ” ಎಂದೆ. ಬೀಗಿತಿಯ ಮಗ, ಅಂದರೆ ನರ್ಸಮ್ಮನ ದೊಡ್ಡಳಿಯ, ಕುರ್ಚಿ ಸರಿಸಿ ಎದ್ದು ಹೊರಗೆ ಹೋಗಿ ಕಾರಿನ ಪಕ್ಕ ನಿಂತ. ಯಾರೂ ಹಿಂದೆ ಓಡಲಿಲ್ಲ. ನರ್ಸಮ್ಮ ಬಾಗಿಲು ಮುಚ್ಚಲು ಬಿಡಲಿಲ್ಲ, ಅಷ್ಟೇ. ಬೀಗಿತಿ ಟೈಲರಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀರು ಸೋಸಿದ್ದೀಯಾ?” ಎಂದರು. “ಸೋಸಿದೀನಮ್ಮ. ಒತ್ತು ನೇಯ್ಗೆ ಬಟ್ಟೆ, ಎರಡು ಮಡಿಕೆ. ಬಟ್ಟೆ ವಿಷಯ ನನಗೆ ಹೇಳ್ಬೇಕಾ?” ಬೀಗಿತಿಯ ತುಟಿ ಸ್ವಲ್ಪ ಸಡಿಲವಾಯಿತು. “ಹಾಗಾದ್ರೆ ಬಡಿಸು” ಎಂದರು.

ಒಂದೇ ಪಾತ್ರೆ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಮೊಮ್ಮಗ ಸಾರನ್ನು ಸುರ್‍ರೆಂದು ಕುಡಿದು ಮಾವನ ತಟ್ಟೆಗೆ ಕೈ ಹಾಕಿದ, ಯಾರೂ “ಅದು ನಿನ್ನದಲ್ಲ” ಎನ್ನಲಿಲ್ಲ. ನರ್ಸಮ್ಮ ತಾವು ತಿನ್ನುವುದನ್ನು ಮರೆತು ಒಬ್ಬೊಬ್ಬರ ಬಾಯಿ ನೋಡುತ್ತಾ ಕೂತಿದ್ದರು. ಬಿಸಿಲು ಇನ್ನೇನು ಕಿಟಕಿ ಬಿಡಬೇಕು ಎನ್ನುವಾಗ ಬೀಗಿತಿ ಕೊನೆಯ ತುತ್ತು ಮುಗಿಸಿ ಕೈ ತೊಳೆದು ಬಂದರು. ಬಂದವರು ಕೂರಲಿಲ್ಲ. ಒಂದು ಶುದ್ಧ ತಟ್ಟೆ ತೆಗೆದುಕೊಂಡು ತಾವೇ ಅನ್ನ ಹಾಕಿ, ಸಾರು ಹಾಕಿ, ಲೋಟದಲ್ಲಿ ನೀರಿಟ್ಟು, ತಾವು ಕೂತಿದ್ದ ಕುರ್ಚಿಯನ್ನು ಎಳೆದು ಟೈಲರಕ್ಕನನ್ನು ಕರೆದರು. “ಹೊತ್ತು ಮುಳುಗಿತು. ನಾನು ಏಳೋ ಹೊತ್ತಿಗೆ ನೀನು ಕೂರ್ತೀಯ. ಬಾ, ನೀರು ಕುಡಿ” ಎಂದರು. ಅವಳು ಎರಡು ಕೈಯಲ್ಲಿ ಲೋಟ ಹಿಡಿದು ಕುಡಿದಳು. ಅಳಿಯ ಕೊನೆಯ ತನಕ ಒಳಗೆ ಬರಲಿಲ್ಲ. ಹೊರಟಾಗ ಅವನ ತಾಯಿ ಅವನ ಕಡೆ ನೋಡಲೂ ಇಲ್ಲ. ಅವರ ಮನೆಯಲ್ಲಿ ಆಮೇಲೆ ಏನಾಯಿತೋ ನನಗೆ ತಿಳಿಯದು.

ನಾದಿನಿಗೆ, ಅವಳ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿಗೆ ಮುತ್ತು. ಗೊಣಗಪ್ಪನವರು ಅಡ್ಡಬಿದ್ದಿದ್ದಾರೆಂದು ಬರೆಯಲು ಹೇಳಿದರು, ಬಿದ್ದದ್ದನ್ನು ನಾನು ನೋಡಲಿಲ್ಲ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ, ಕೋಪದಲ್ಲಿದ್ದರೂ ಇರಲಿ.

ಇಂತಿ,
ನಿಮ್ಮ ಹಟಮಾರಿ ಸೊಸೆ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಇದನ್ನು ನಿಮಗೆ ಹೇಳಲು ನಿಮ್ಮ ಮಗನಿಗೆ ಹೆದರಿಕೆ. ದೊಡ್ಡಮ್ಮ ಮನೆಗೆ ಬರಲಿ, ನಾನು ಕೆಲಸ ಬಿಟ್ಟು ಹೋಗುತ್ತೇನೆ ಎನ್ನಲು ಟೈಲರಕ್ಕ ನಿನ್ನೆ ಬಂದಳು. ಕೂಡದು ಎಂದೆ. ಮೊನ್ನೆ ಸೋಮವಾರದಿಂದ ಅವಳು ನಮ್ಮಲ್ಲಿ ದಿನಾ ಅಡುಗೆ ಮಾಡುತ್ತಿದ್ದಾಳೆ, ತರಕಾರಿ ಮಣೆಯಲ್ಲಲ್ಲ, ಒಲೆಯ ಮುಂದೆ. ಅಡುಗೆ ಯಾರದೆಂದು ಕೇಳಿದವರಿಗೆಲ್ಲ ಅವಳ ಹೆಸರನ್ನೇ ಹೇಳುತ್ತೇನೆ. ಇದನ್ನು ನೀವು ಬಂದರೂ ಬದಲಾಯಿಸುವುದಿಲ್ಲ, ಬರದಿದ್ದರೂ ಬದಲಾಯಿಸುವುದಿಲ್ಲ. ಆದರೆ ನೀವು ಬರಬೇಕು. ಕಿಟಕಿ ಬದಿಯ ಒಲೆ ನಿಮ್ಮದು, ಅದರ ಮುಂದೆ ಬೇರೆ ಯಾರೂ ನಿಂತಿಲ್ಲ. ಬಾಗಿಲ ಬದಿಯದು ಅವಳದು. ಶನಿವಾರ ನಿಮ್ಮನ್ನು ಕರೆದುಕೊಂಡು ಬರಲು ನಿಮ್ಮ ಮಗ ಬರುತ್ತಾರೆ. ಒಲ್ಲೆ ಎನ್ನುವುದಾದರೆ ಅವರಿಗೆ ಹೇಳಿ ಕಳಿಸಬೇಡಿ, ಬಡಪಾಯಿ, ದಾರಿಯುದ್ದಕ್ಕೂ ಕೊರಗುತ್ತಾರೆ. ನನಗೇ ಹೇಳಿ. ಭಾನುವಾರ ನಾನೇ ಬರುತ್ತೇನೆ, ಅವಳನ್ನೂ ಕರೆದುಕೊಂಡು.