ಎಳೆಯದ ನಾಯಿ

ಮನೆ ಮಾಲೀಕರಿಗೆ ನಮಸ್ಕಾರಗಳು.

ನಮ್ಮ ನಾಯಿ ಮೆಟ್ಟಿಲ ಮೇಲೆ ಅಪ್ಪನನ್ನು ದರದರ ಎಳೆಯುವುದನ್ನು ನೋಡಿ, "ನಿಮ್ಮಪ್ಪ ನಾಯೀನ ತಿರುಗಾಡಿಸ್ತಾರೋ, ನಾಯಿ ನಿಮ್ಮಪ್ಪನ್ನೋ?" ಎಂದು ನೀವು ಕೇಳಿದ ಮೇಲೆ ಅದಕ್ಕೆ ಪಾಠ ಶುರುಮಾಡಿದೆ. ಹಗ್ಗ ಬಿಗಿಯಾದ ಕೂಡಲೇ ನಾವು ನಿಂತುಬಿಡಬೇಕು, ಸಡಿಲವಾದರೆ ಮಾತ್ರ ನಡೆಯಬೇಕು, ಇಷ್ಟೇ ಉಪಾಯ. ಅದು ಬೇಗ ಕಲಿಯಿತು. ನೀವೂ ಮೆಚ್ಚಿದಿರಿ.

ನಿನ್ನೆ ಸಂಜೆ ಅದನ್ನು ಕರೆದುಕೊಂಡು ಹೋದ ಅಪ್ಪ ಕತ್ತಲಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಔಷಧದಂಗಡಿಯ ತಿರುವಿನಲ್ಲಿ ಸುಮ್ಮನೆ ನಿಂತಿದ್ದರು. ಅವರು ಹೆಜ್ಜೆ ಇಡಲೆಂದು ಕಾಯುತ್ತಾ ನಾಯಿ ಪಕ್ಕದಲ್ಲೇ ಕೂತು ಮುಖ ನೋಡುತ್ತಿತ್ತು.

"ಇವನಿಗೆ ಮನೆ ದಾರಿ ಮರೆತುಹೋಗಿದೆ ಕಣೇ," ಎಂದರು ಅಪ್ಪ, ನಾಯಿಯನ್ನು ತೋರಿಸಿ. "ಪಾಪ, ಬೈಬೇಡ."

ಮರೆವು ಅಪ್ಪನದು. ಕೆಲಕಾಲದಿಂದ ಇದೆ, ನಿಮಗೆ ಹೇಳಿರಲಿಲ್ಲ. ಇಷ್ಟು ದಿನ ನಾಯಿಯೇ ಅವರನ್ನು ಎಳೆದು ಮನೆ ಸೇರಿಸುತ್ತಿತ್ತು ಎಂಬುದು ನನಗೂ ನಿನ್ನೆಯೇ ತಿಳಿದದ್ದು.

ಆದ್ದರಿಂದ ಕಲಿಸಿದ್ದನ್ನು ಬಿಡಿಸಲು ಹೊರಟಿದ್ದೇನೆ. ಮೆಟ್ಟಿಲಲ್ಲಿ ಮತ್ತೆ ಗದ್ದಲವಾದೀತು. ದಯವಿಟ್ಟು ನಾಯಿಯನ್ನು ಗದರಿಸಬೇಡಿ. ಹಗ್ಗದ ಇನ್ನೊಂದು ತುದಿಯಲ್ಲಿ ಅಪ್ಪ ಇದ್ದಾರೆಯೇ ಎಂದಷ್ಟೇ ನೋಡಿ.

ಇತಿ,
ನಿಮ್ಮ ಮಹಡಿಯ ಮನೆಯವಳು