ಕೆಂಪು ಬಟ್ಟೆ ಕಟ್ಟಿದ ವಿಮಾನ

ಮಾರ್ಚ್ ೬, ೧೯೨೮. ಮಧ್ಯಾಹ್ನ

ಇವತ್ತೂ ಸಿನಿಮಾಕ್ಕಾಗಿ ಒಂದು ಹಳೇ ಯುದ್ಧವಿಮಾನ ಬೀಳಿಸಿದೆವು. ಬೀಳಿಸಿದವಳು ನಮ್ಮ ಪೈಲಟ್ ಡೆಲ್ಫಿನ್. ಹಾಲಿವುಡ್‌ನವರು ಚಪ್ಪಾಳೆ ತಟ್ಟಿದರು. ನಾನು ಎಂದಿನಂತೆ ಟೋಪಿ ತೆಗೆದು ವಿಮಾನಕ್ಕೆ ಚರಮಗೀತೆ ಓದಿದೆ — ‘ಯುದ್ಧದಲ್ಲಿ ಗುಂಡು ತಿಂದರೂ ಸಾಯದ ಮಹಾನುಭಾವ, ಕಿತ್ತಳೆ ತೋಟದ ಪಕ್ಕ ಮೂಗು ಮುರಿದುಕೊಂಡು ಅಸ್ತಂಗತನಾದ...’

ನಮ್ಮ ತಂಡದ ಯಜಮಾನ ಕ್ಯಾಪ್ಟನ್ ಹಾರ್ಗ್ರೇವ್ ನಗಲಿಲ್ಲ. ನನಗೂ ಒಂದು ಬೀಳಿಸಲು ಕೊಡಿ ಎಂದೆ. ಹದಿನೇಳನೇ ಅರ್ಜಿ.

“ಹಾರೋಕೆ ಬರುತ್ತೆ ನಿಂಗೆ, ಒಪ್ಪಿದೆ. ಆದ್ರೆ ಎಲ್ಲಾದ್ರಲ್ಲೂ ತಮಾಷೆ ಮಾಡೋನ ಕೈಗೆ ಈ ಕೆಲಸ ಕೊಡಲ್ಲ ಕಣೋ ವೆಂಡೆಲ್.”

ಅರ್ಜಿ ವಜಾ.

ಮಾರ್ಚ್ ೮. ಸಂಜೆ

ನಾಡಿದ್ದು ಇನ್ನೊಂದು ಬೀಳಬೇಕು. ಸಾಯುವ ವಿಮಾನದ ಬಾಲಕ್ಕೆ ಕೆಂಪು ಬಟ್ಟೆ ಕಟ್ಟುವುದು ನಮ್ಮ ಪದ್ಧತಿ. ಅದನ್ನು ನೋಡಿ ಬಡಗಿ ಲಾರ್ಸ್ ಮೇಲಿನ-ಕೆಳಗಿನ ರೆಕ್ಕೆಗಳ ನಡುವಿನ ಮರದ ಕಂಬಗಳನ್ನು ಅರ್ಧಕ್ಕೆ ಕೊಯ್ದು, ಮೇಲೆ ಬಣ್ಣ ಬಳಿದು, ಬಟ್ಟೆ ಬಿಚ್ಚಿ ಜೇಬಿಗಿಡುತ್ತಾನೆ. ಬಿದ್ದಾಗ ರೆಕ್ಕೆ ಮುರಿಯಬೇಕು, ಪೈಲಟ್ಟನ ಬೆನ್ನಲ್ಲ. ನೆಟ್ಟಗೆ ಹಾರಿದರೆ ಕಂಬ ತಾಳುತ್ತದೆ. ಗಾಳಿಯಲ್ಲಿ ಪಲ್ಟಿ ಹೊಡೆದರೆ ಮುಗಿಯಿತು.

ಬಟ್ಟೆಗೆ ಇಂದು ರಾಜಮರ್ಯಾದೆಯ ಪ್ರವಾಸ ಮಾಡಿಸಿದೆ. ಮೊದಲು ಕ್ಯಾಪ್ಟನ್ನರ ಕುರ್ಚಿ. ಆಮೇಲೆ ಅಡುಗೆಯವನ ಬೀನ್ಸ್ ಪಾತ್ರೆ. ಕೊನೆಗೆ ಡೆಲ್ಫಿನ್ ಏರ್ ಶೋನಲ್ಲಿ ಹಾರಿಸುವ ವಿಮಾನದ ಬಾಲ! ಅವಳ ಮುಖ ನೋಡಲು ಕಾದೆ. ಬರಲಿಲ್ಲ. ಊಟದ ಗಂಟೆ ಹೊಡೆಯಿತು, ಬಟ್ಟೆ ಅಲ್ಲೇ ಬಿಟ್ಟು ಹೋದೆ.

ಮಾರ್ಚ್ ೯. ಮಧ್ಯಾಹ್ನ



ಬೆಳಿಗ್ಗೆ ಡೆಲ್ಫಿನ್ ಪಲ್ಟಿಯ ಅಭ್ಯಾಸಕ್ಕೆ ಹೊರಟಿದ್ದಳು. ಎಂಜಿನ್ ಶುರುವಾಗಿತ್ತು. ಬಾಲದಲ್ಲಿ ಬಟ್ಟೆ ಇರಲಿಲ್ಲ. ನಾನಂತೂ ಬಿಚ್ಚಿರಲಿಲ್ಲ... ಲಾರ್ಸ್!

ಓಡಿದೆ. ವಿಮಾನದ ಎದುರು ಎರಡೂ ಕೈ ಚಾಚಿ ನಿಂತೆ. ಅವಳು ಸರಕ್ಕನೆ ತಿರುಗಿಸಿದಳು. ಬೇಲಿಗೆ ತಾಗಿ ನಿಂತಿತು.

“ಇದ್ಯಾವ ಹೊಸ ಆಟವೋ, ಕೋತಿ?”

“ಆಟ ಅಲ್ಲ ಡೆಲ್. ನಿನ್ನೆ ಇದಕ್ಕೆ ಕೆಂಪು ಬಟ್ಟೆ ಕಟ್ಟಿದ್ದು ನಾನು.”

ಉಗುರಿನಿಂದ ಕಂಬದ ಬಣ್ಣ ಕೆರೆದಳು. ಗರಗಸದ ಗೆರೆ. ಹಿಂದೆಯೇ ಓಡಿಬಂದ ಲಾರ್ಸ್ ಜೇಬಿನಿಂದ ಕೆಂಪು ಬಟ್ಟೆ ತೆಗೆದು ತೋರಿಸಿದ.

ಕ್ಯಾಪ್ಟನ್ ಬಂದರು. ಗಂಟುಮೂಟೆ ಕಟ್ಟು ಎನ್ನುತ್ತಾರೆಂದುಕೊಂಡೆ. ಡೆಲ್ಫಿನ್ ಮುಂಚೆಯೇ ಬಾಯಿ ತೆರೆದಳು.

“ಇನ್ನು ಇದು ಬೀಳೋಕಷ್ಟೇ ಲಾಯಕ್ಕು. ಕೆಡಿಸಿದೋನೇ ಬೀಳಿಸ್ಲಿ. ಸುಮ್ನಿದ್ದಿದ್ರೆ ಇವನೇ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಓಡ್ಬಂದ.”

ಕ್ಯಾಪ್ಟನ್ ಗರಗಸದ ಗೆರೆಯ ಮೇಲೆ ಬೆರಳಾಡಿಸಿ ನನ್ನತ್ತ ತಿರುಗಿದರು.

“ಒಂದು ತಿಂಗಳು ಕಕ್ಕಸು ತೊಳೀಬೇಕು.”

“ಆಗ್ಲಿ ಕ್ಯಾಪ್ಟನ್. ನಾಳೆಯಿಂದಾನೇ.”

“ನಾಡಿದ್ದಿಂದ. ನಾಳೆ ನಿಂಗೆ ಬೇರೆ ಕೆಲಸ ಇದೆ.”

ಮಾರ್ಚ್ ೧೦. ಬೆಳಿಗ್ಗೆ ೯.೪೦

ಬಿದ್ದಾಗ ಬೆಂಕಿ ಹತ್ತದಿರಲೆಂದು ಟ್ಯಾಂಕಿನಲ್ಲಿ ಆರೇ ನಿಮಿಷದ ಪೆಟ್ರೋಲ್. ಬೀಳುವ ಜಾಗ ಉತ್ತು ಮೆತ್ತಗೆ ಮಾಡಿದ್ದಾರೆ. ಲಾರ್ಸ್ ಜೊತೆ ಒಂದೊಂದೇ ಕಂಬ ಮುಟ್ಟಿ ನೋಡಿದೆ. ತಮಾಷೆ ಮಾಡಲಿಲ್ಲ. (ಒಂದು ಮಾಡಿದೆ. ಚಿಕ್ಕದು.)

ಡೆಲ್ಫಿನ್ ಬಂದು ಕೆಂಪು ಬಟ್ಟೆಯನ್ನು ನನ್ನ ಕುತ್ತಿಗೆಗೆ ಕಟ್ಟಿದಳು. “ಕೆಲಸ ಮುಗಿದ್ಮೇಲೆ ನಾನೇ ಬಿಚ್ತೀನಿ. ನೀನು ಮುಟ್ಬೇಡ.”

ವಿಮಾನಕ್ಕೆ ಚರಮಗೀತೆ ಒಂದೇ ಸಾಲು ಬರೆದಿದ್ದೇನೆ. ಉಳಿದದ್ದು ಬಂದ ಮೇಲೆ. ಕ್ಯಾಮೆರಾದವರು ಕೈ ಬೀಸುತ್ತಿದ್ದಾರೆ. ಕ್ಯಾಪ್ಟನ್ ತಾವೇ ಪ್ರೊಪೆಲ್ಲರ್ ತಿರುಗಿಸಲು—