ಪೈಲಟ್‌ನ ಹೊಸ ಮೂಗು

ಲತೀಶಣ್ಣಾ,

ಇವತ್ತು ವಾರ್ಡಿನಲ್ಲಿ ಸುಟ್ಟಗಾಯದ ಕುವೈತಿ ಪೈಲಟ್‌ನ ಹೊಸ ಮೂಗಿನ ಬ್ಯಾಂಡೇಜ್ ಬಿಚ್ಚಿದೆವು. ಯುದ್ಧದಲ್ಲಿ ಅವನ ಮುಖದ ಹಾಗೆಯೇ ಮನೆಯಲ್ಲಿದ್ದ ಫೋಟೊಗಳೂ ಸುಟ್ಟುಹೋಗಿದ್ದವು. ಹಣೆಯ ಚರ್ಮದಿಂದ ಮೂಗು ಕಟ್ಟುವ ಮೊದಲು ಡಾಕ್ಟರ್ ಶ್ಯಾಮಸುಂದರ್, "ಮಾದರಿಗೆ ಯಾರದಾದ್ರೂ ಫೋಟೊ ಇದ್ಯಾ, ಸಿಸ್ಟರ್?" ಎಂದು ಕೇಳಿದಾಗ ನಿನ್ನದನ್ನು ಕೊಟ್ಟಿದ್ದೆ.

ಕಳೆದ ಆಗಸ್ಟಿನಲ್ಲಿ, ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ವಾರ, ನನಗೆ ಹಸಿವೆಂದು ರೊಟ್ಟಿ ತರಲು ಅಬ್ಬಾಸಿಯಾ ಬಡಾವಣೆಯ ನಮ್ಮ ಕೋಣೆಯಿಂದ ಹೊರಟವನು ನೀನು, ಮರಳಲಿಲ್ಲ. ಅದನ್ನು ಅಮ್ಮನಿಗೆ ಇನ್ನೂ ಬರೆದಿಲ್ಲ.

ಪೈಲಟ್ ಕನ್ನಡಿ ನೋಡಿ, ಮುರುಕು ಹಿಂದಿಯಲ್ಲಿ, "ಇದು ಯಾರ ಮೂಗು, ಸಿಸ್ಟರ್?" ಎಂದ.

"ನಿಮ್ಮದೇ" ಎಂದೆ.

ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆಗೆ ಮಧ್ಯಾಹ್ನವೇ ಕತ್ತಲಾಗಿತ್ತು. ಅವನಿಗೆ ನಿದ್ದೆ ಹತ್ತಿದ ಮೇಲೆ, ಮೂಗಷ್ಟೇ ಕಾಣುವಂತೆ ಉಳಿದ ಮುಖಕ್ಕೆ ತೆಳುಬಟ್ಟೆ ಮುಚ್ಚಿ ಪಕ್ಕದಲ್ಲಿ ಕುಳಿತೆ.

ಅಣ್ಣಾ, ನೀನು ಉಸಿರಾಡುತ್ತಿದ್ದೆ.